ಕನ್ನಡಿ ಹಿಡಿಯುವ ಕೆಲಸ

ಸಂಬಳದ ಚೀಟಿಯಲ್ಲಿ ನಾನು ‘ಸಹಾಯಕ’.
ಹೆಬ್ಬಾಳದ ಈ ತಾರಸಿಯ ಮೇಲೆ ನನ್ನ ಕೆಲಸ
ಸೂರ್ಯನಿಗೆ ರಟ್ಟು ಅಡ್ಡ ಇಟ್ಟು
ಎದುರು ದಿಕ್ಕಿನಿಂದ ಕನ್ನಡಿ ಹಿಡಿಯುವುದು.

ಬೈಂದೂರಿನ ದಂಡೆಯಿಂದ ನಫೀಸಾ ಮೇಡಂ
ರಾತ್ರಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಡಬ್ಬಿ:
ಒದ್ದೆ ಮರಳು, ಕೊಳೆತ ಪಾಚಿ,
ಅದರೊಳಗೆ ನುಚ್ಚಕ್ಕಿಯಷ್ಟು ಜೀವಗಳು.
ಇಂಗ್ಲಿಷಿನಲ್ಲಿ ಒಂದು ಹೆಸರಿದೆ, ಲ್ಯಾಟಿನ್ನಿನಲ್ಲಿ ಇನ್ನೊಂದು.
ನಾನು ಮರಳುಚಿಗಟ ಅನ್ನುತ್ತೇನೆ. ಕಚ್ಚುವುದಿಲ್ಲ, ಪಾಪ.

ಒಣ ಬೋಗುಣಿಗೆ ಬಿಟ್ಟರೆ ಕಡಲು ಹುಡುಕುತ್ತವೆ.
ಅಂಚು ಎತ್ತರ, ಕಾಣುವುದು ಆಕಾಶ ಮಾತ್ರ.
ಹೊತ್ತು ಮಾರುದ್ದ ಏರಿದ್ದರೆ ಅದಕ್ಕೆ ಬೆನ್ನು,
ಇಳಿಯುತ್ತಿದ್ದರೆ ಅದಕ್ಕೆ ಮುಖ,
ಒಟ್ಟಿನಲ್ಲಿ ಪಡುವಣ.
ಅಂದರೆ ಇಲ್ಲಿಂದ ಜಾಲಹಳ್ಳಿ, ಪೀಣ್ಯ,
ಲೇತು ಮಷೀನುಗಳ ಕೀರಲು;
ಉಪ್ಪುನೀರು ನಾಲ್ಕುನೂರು ಕಿಲೋಮೀಟರ್ ಆಚೆ.

ನಾನು ಕನ್ನಡಿ ತಿರುಗಿಸುತ್ತೇನೆ.
ಅವೂ ತಿರುಗುತ್ತವೆ,
ಕೆ.ಆರ್. ಪುರದ ಕಡೆ.
‘ಬರ್ಕೊಳ್ಳಿ’ ಅನ್ನುತ್ತಾರೆ ಮೇಡಂ. ಬರೆದುಕೊಳ್ಳುತ್ತೇನೆ:
ಇಪ್ಪತ್ತರಲ್ಲಿ ಹದಿನೇಳು.
ಉಳಿದ ಮೂರರ ಬಗ್ಗೆ ಯಾರೂ ಏನೂ ಕೇಳುವುದಿಲ್ಲ.

ಇನ್ನೊಂದು ಗುಂಪು ಬೀರುವಿನಲ್ಲಿದೆ.
ಅಲ್ಲಿ ಮಧ್ಯರಾತ್ರಿಗೇ ಬಲ್ಬು ಹತ್ತಿ ಬೆಳಗಾಗುತ್ತದೆ.
ಹತ್ತು ದಿನ ಹಾಗೆ ಸಾಕಿ, ಬೆಳಗಿನ ಒಂಬತ್ತಕ್ಕೆ ಬಿಸಿಲಿಗೆ ತಂದರೆ
ಅವಕ್ಕೆ ಆಗಲೇ ಮಧ್ಯಾಹ್ನ ಮೂರು.
ಈಗಷ್ಟೇ ಮೂಡಿದವನನ್ನು ಮುಳುಗುವವನೆಂದು ನಂಬಿ
ಅವನ ಬುಡದಲ್ಲೇ ಕಡಲಿದೆಯೆಂದು ಹೊರಡುತ್ತವೆ.
ನನ್ನ ತಮ್ಮ ಕ್ಯಾಬ್ ಓಡಿಸುತ್ತಾನೆ, ನೈಟ್ ಶಿಫ್ಟು.
ಅವನಿಗೆ ಇದನ್ನು ಹೇಳಿಲ್ಲ.

ಹುಣ್ಣಿಮೆಯ ದಿನ ಒಂದು ಚಿಗಟ
ನನ್ನ ಪ್ಯಾಂಟಿನ ಮಡಿಕೆಯಲ್ಲಿ ಕೂತು, ಬಸ್ಸಿನಲ್ಲಿ
ಕಾವಲ್ ಭೈರಸಂದ್ರದವರೆಗೂ ಬಂದುಬಿಟ್ಟಿತ್ತು.
ಚಪ್ಪಲಿ ಕಳಚುವಾಗ ಕಂಡೆ.
ಯಾರೋ ಮನೆ ಕಟ್ಟಲು ಬೀದಿಗೆ ಸುರಿದ ಎಂ-ಸ್ಯಾಂಡ್ ರಾಶಿ,
ಬರೀ ಕಲ್ಲಿನ ಪುಡಿ, ಅಲೆಯ ಮುಖ ಕಾಣದ್ದು.
ಬೇರೇನು ಮಾಡಲಿ, ಅದರ ಮೇಲೇ ಬಿಟ್ಟೆ.
ಸ್ವಲ್ಪ ಹೊತ್ತು ಸುಮ್ಮನಿತ್ತು.
ಪಕ್ಕದ ಮನೆಯ ನೀರಿನ ಟ್ಯಾಂಕು ದಾಟಿ ಚಂದ್ರ ಮೇಲೆ ಬಂದ.
ಅವನಿಗೆ ಬೆನ್ನು ಹಾಕಿ ನೆಗೆಯಿತು, ಮತ್ತೆ ನೆಗೆಯಿತು,
ಬೇಕರಿಯ ಕಡೆ.

ಹನ್ನೊಂದು ವರ್ಷದಿಂದ ಆಟೋದವರಿಗೆ
‘ಬೇಕರಿ ಹತ್ರ ಲೆಫ್ಟು’ ಅನ್ನುತ್ತಿದ್ದೇನೆ.
ಮರುದಿನ ರಜೆ. ಸಂಜೆ ಬಾಗಿಲಲ್ಲಿ ನಿಂತು ನೋಡಿದೆ:
ಹೌದು, ಬನ್ನು ಬೆಣ್ಣೆ ಬಿಸ್ಕತ್ತಿನ ಗಾಜಿನ ಪೆಟ್ಟಿಗೆಗಳ ಹಿಂದೆ,
ಆ ತಗಡಿನ ಶೀಟಿನ ಹಿಂದೆಯೇ
ಹೊತ್ತು ಮುಳುಗುತ್ತಿತ್ತು.