ಬನಹಟ್ಟಿಯಿಂದ ಆರು ಅಂಕಿ

ವಿಜಯಪುರದ ಬಸ್‌ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡ್ಯಾಗ
ಸ್ಕಾಲರ್‌ಶಿಪ್ ಅರ್ಜಿಗೆ ಪಾಳಿ ಹಚ್ಚಿದ್ವಿ.
ಈರಪ್ಪಣ್ಣ ತಲಿ ಎತ್ತಲಾರದ ಕೇಳಿದ: ಪಾಸ್‌ವರ್ಡ್?
ಹೇಳಿದೆ. ಗಟ್ಟ್ಯಾಗಿ, ಯಾಕಂದ್ರ ಫ್ಯಾನಿನ ಸಪ್ಪಳ.
ನಮ್ಮ ಆಡಿನ ಹೆಸರು, ಮುಂದ ನಾ ಹುಟ್ಟಿದ ಇಸವಿ.
ಹಿಂದ ನಿಂತ ಹನ್ನೊಂದು ಮಂದಿ ನಕ್ಕರು.
ಆತ ಅದನ್ನ ಯಾರದೋ ಬಿಲ್ಲಿನ ಬೆನ್ನ ಮ್ಯಾಲ ಬರಕೊಂಡ.

ಗೋಳಗುಮ್ಮಟದಾಗ ಪಿಸುಗುಟ್ಟಿದ್ದು ಏಳು ಸಲ ತಿರುಗಿ ಬರ್ತೈತಂತ.
ನಮ್ಮ ಚಿನ್ನಿ ಎಷ್ಟು ಕಿವಿ ತಿರುಗಿದಳೋ
ಗೊತ್ತಿಲ್ಲ.

ಲ್ಯಾಬಿನ ಜಯಶೀಲಾ ಮೇಡಂ ಅಂದ್ರು,
ಒಂದ ಕೀಲಿ ಸಾಲೂದಿಲ್ಲ, ಎರಡನೇದೂ ಹಚ್ಚ್ರಿ.
ಅವ್ವನ ನಂಬರು ಕೊಟ್ಟೆ. ಆಗ ನನ್ನ ಕಡೆ ಫೋನಿರಲಿಲ್ಲ.
ಈಗ ಐತಿ. ನಂಬರು ಬದಲಿಸಿಲ್ಲ.

ಅವ್ವ ಬನಹಟ್ಟಿಯ ಮಗ್ಗದ ಶೆಡ್ಡಿನ್ಯಾಗ.
ಎಂಟು ಪವರ್‌ಲೂಮ್ ಒಮ್ಮೆಲೇ ಹೊಡದ್ರ
ರಿಂಗು ಕೇಳಂಗಿಲ್ಲ,
ಕುಪ್ಪಸದಾಗಿನ ಫೋನು ನಡುಗಿದ್ರ ತಿಳೀತೈತಿ.
ಹೊರಗ ಬಂದು ಬೇವಿನ ಗಿಡದ ಬುಡಕ ನಿಂತು
ಎಳಿ ಎಣಿಸಿದಂಗ ಹೇಳ್ತಾಳ:
ನಾಕ. ಸೊನ್ನಿ. ಒಂಬತ್ತ. ತಡೀವಾ,
ಮತ್ತೊಂದು ಒಂಬತ್ತ. ಎರಡ. ಏಳ.
ಆಕಿಗೆ ಅಕ್ಷರ ಬರಂಗಿಲ್ಲ. ಅಂಕಿ ಎಂದೂ ತಪ್ಪಿಲ್ಲ.

ನಿನ್ನ ಖಾತೆಕ್ಕ ನಾ ಯಾಕಬೇ ಬೇಕು, ಅಂದಿದ್ದಳು ಮೊದಲ.
ಬರೇ ಹಾಸು ಇದ್ರ ಸೀರಿ ಆಗತೈತೇನು, ಅಂದೆ.
ಹೊಕ್ಕು ಬೇಕಲ್ಲ, ಅಂದಳು, ಆತು ಬಿಡು.
ನಮ್ಮ ಕ್ಲಾಸಿನ್ಯಾಗ ಇದಕ್ಕ ಎರಡು ತಾಸು ಹಿಡಿದಿತ್ತು.

ಖರೆ ಹೇಳ್ಲಾ? ಕೆಲವು ಸಂಜಿ
ಏನೂ ಕೆಲಸಿಲ್ಲದನ ಲಾಗ್‌ಔಟ್ ಮಾಡ್ತೇನಿ,
ಮತ್ತ ಒಳಗ ಹೋಗಾಕ ಅಂತ.
ಆಕಿಗೂ ಗೊತ್ತಿದ್ದೀತು. ಅಂಕಿ ಮುಗದ ಮ್ಯಾಲೂ
ಗಿಡದ ಬುಡಕ ನಿಂತಿರ್ತಾಳ.

ಹೋದ ಗುರುವಾರ ನಾ ಮೆಸ್ಸಿನ್ಯಾಗ ರೊಟ್ಟಿ ಮುರೀತಿದ್ದೆ,
ಅಲ್ಲಿ ಫೋನು ನಡುಗೇತಿ. ನಾ ಕೇಳಿರಲಿಲ್ಲ.
ಬೆನ್ನಿಗೇ ಒಬ್ಬಾತನ ಕಾಲು:
ಕಾಲೇಜಿನ ಆಫೀಸಿಂದ ರೀ. ನಿಮ್ಮ ದಾನೇಶ್ವರಿಯ ರೊಕ್ಕ ತಡದೈತಿ,
ಆಕಿ ಇಲ್ಲೇ ಬಾಜೂಕ ನಿಂತಾಳ,
ಆಕೀನ ಕೇಳಾಕ ಹೇಳ್ಯಾಳ. ಆರು ಅಂಕಿ ಅಷ್ಟ.
ನನ್ನ ಹೆಸರು ಗೊತ್ತಿತ್ತು ಅವಗ, ರೋಲ್ ನಂಬರು ಗೊತ್ತಿತ್ತು,
ಚಿನ್ನಿ ಸೈತ ಗೊತ್ತಿದ್ದಳು, ಇಲ್ಲಂದ್ರ ಅಂಕಿ ಎಲ್ಲಿಂದ ಬರಬೇಕು?

ಅವ್ವ ಅಂದಳಂತ:
ನನ್ನ ಮಗಳು ನಂಬರು ಕೇಳೂಕಿಂತ ಮೊದಲ
ಉಂಡಿಯೇನಬೇ ಅಂತಾಳ.
ನೀ ಕೇಳ್ಲೇ ಇಲ್ಲಲ್ಲಪಾ.

ಕಟ್ ಮಾಡಿ ನನಗ ಹಚ್ಚಿದಳು.
ಎಂಜಲ ಕೈಲೇ ಓಡಿದೆ ಲ್ಯಾಬಿಗೆ, ಕೀಲಿ ಹಾಕಿತ್ತು,
ಮೇಡಂ ಮನಿಗೆ ಫೋನು, ವಾಚ್‌ಮನ್ ಕಾಕಾನ ಬೈಗುಳ.
ಪಾಸ್‌ವರ್ಡ್ ಬದಲಾತು. ಉದ್ದಂದು. ಯಾವ ಪ್ರಾಣಿದೂ ಅಲ್ಲ.
ಹೇಳ್ಲೇನಬೇ, ಅಂದೆ.
ಬ್ಯಾಡ. ನಿಂದು ನಿನ್ನ ಕಡೆ ಇರಲಿ, ಅಂದಳು,
ಚಿನ್ನಿ ಮರಿ ಹಾಕೇತಿ, ಎರಡು.

ಹತ್ತು ನಿಮಿಷಕ್ಕ ಸಾಯ್ತಾವಂತ ಈ ಅಂಕಿ.
ಜೂನಿನ್ಯಾಗ ಬಂದ ಮೊಟ್ಟಮೊದಲಿನ ಆರೂ
ಅವ್ವಗ ಇನ್ನೂ ಬಾಯಿಪಾಠ.