ಚಿಲ್ಲರೆ ಬಾಕಿ

ದೋಹಾದಲ್ಲಿ ಇಳಿದಾಗ ರಾತ್ರಿ ಹನ್ನೊಂದೂ ನಲವತ್ತು.
ಗಾಜಿನ ಹಿಂದೆ ಕೂತ ಹುಡುಗ ಪುಟ ತಿರುವಿ
ಠಪ್ಪನೆ ಮುದ್ರೆ ಒತ್ತಿದ: ಜನವರಿ ಹನ್ನೆರಡು.
ವೀಸಾ ಬೇಡ ಅಕ್ಕ, ಮೂವತ್ತು ದಿನ ಹಾಗೇ ಇರಬಹುದು,
ಅಂದಿದ್ದ ತಿಪ್ಪೇಶಿ ಫೋನಿನಲ್ಲಿ.
ಸೂಟ್‌ಕೇಸಿಗೆ ಕಾಯುತ್ತ ನಿಂತಾಗಲೇ
ಗಡಿಯಾರ ಹದಿಮೂರಕ್ಕೆ ಹೊರಳಿತು.
ಹಾಗಾದರೆ ಆ ಇಪ್ಪತ್ತು ನಿಮಿಷವೂ ಒಂದು ದಿನವೇ?

ನಗಬೇಡಿ.
ಇಪ್ಪತ್ತಾರು ವರ್ಷ ಹಿರಿಯೂರು ಡಿಪೋದ ಕಂಡಕ್ಟರ್ ನಾನು.
ನಿದ್ದೆ ಹತ್ತಿಬಿಟ್ಟಿತ್ತು ಕಣಮ್ಮ ಅಂದವರನ್ನೂ ಬಿಟ್ಟವಳಲ್ಲ:
ನಿಮ್ಮ ಟಿಕೆಟ್ಟು ಜೆ.ಜಿ. ಹಳ್ಳಿಗೆ, ಇದು ಆದಿವಾಲ,
ಕಾಸು ಕೊಡಿ, ಇಲ್ಲಾ ಇಳೀರಿ.

ಈಗ ನಾನೇ ಸೀಟಿನ ತುದಿಯಲ್ಲಿ.

ಅಂಗಡಿಯ ಮೊಯ್ದು ಅಂದ, ಬಂದ ದಿನವೂ ಲೆಕ್ಕಕ್ಕೆ.
ಟ್ಯಾಕ್ಸಿಯ ಸೆಲ್ವರಾಜ್ ಅಂದ, ಇಪ್ಪತ್ನಾಲ್ಕು ತಾಸು ತುಂಬಿದರೇ ದಿನ.
ಆಫೀಸಿನ ನಂಬರಿಗೆ ಹಚ್ಚಿದರೆ ಬರೀ ಸಂಗೀತ.
ನಮ್ಮ ಕಟ್ಟಡದ ಕಾವಲಿನ ನೇಪಾಳಿ ಮಾತ್ರ
ಕುರ್ಚಿಯಿಂದ ಏಳದೆ ಹೇಳಿದ:
ದೀದಿ, ಎಣಿಸುವುದು ನಿನ್ನ ಕೆಲಸವಲ್ಲ, ಅವರದು.
ಎರಡು ದಿನ ಮುಂಚೆ ಹೊರಡು.

ತಿಪ್ಪೇಶಿ ವಾಪಸ್ ಟಿಕೆಟ್ ಮಾಡಿಸಿದ್ದು ಫೆಬ್ರವರಿ ಹನ್ನೆರಡಕ್ಕೆ.
ಸರಿಯಾಗಿ ಒಂದು ತಿಂಗಳು, ಅಂದ.
ತಿಂಗಳು ಅಂದರೆ ಮೂವತ್ತೇನೋ ಪೆದ್ದ?
ಮುಷ್ಟಿ ಕಟ್ಟಿ ಗೆಣ್ಣು ತೋರಿಸಿದೆ:
ಜನವರಿ ಉಬ್ಬು, ಮೂವತ್ತೊಂದು.
ಹತ್ತೊಂಬತ್ತು ವರ್ಷ ಕ್ರೇನಿನ ತುದಿಯಲ್ಲಿ ಕೂತವನು
ಮಂಚದ ಮೇಲೆ, ಬಿಳಿ ಕಟ್ಟಿನ ಕಾಲು ದಿಂಬಿನ ಮೇಲೆ,
ಮಗುವಿನ ಹಾಗೆ ತನ್ನ ಮುಷ್ಟಿಯನ್ನೇ ನೋಡಿಕೊಂಡ.
ಒಂಬತ್ತಕ್ಕೆ ಬದಲಿಸಿದೆವು. ರಿಯಾಲು ಎಷ್ಟು ಹೋಯಿತು
ಅಂತ ಅವನು ಹೇಳಲಿಲ್ಲ.

ಯಾಕೆ ತಂದೆನೋ, ಸೂಟ್‌ಕೇಸಿನ ಮೂಲೆಯಲ್ಲಿತ್ತು
ಮೆಷಿನ್ನು ಬರುವ ಮುಂಚಿನ ಟಿಕೆಟ್ ಪಂಚು.
ರಾತ್ರಿ ಅವನಿಗೆ ಅಂಬಲಿ ಕುಡಿಸಿ, ಪಾತ್ರೆ ತೊಳೆದು,
ಮೊಯ್ದು ಅಂಗಡಿಯ ಕ್ಯಾಲೆಂಡರಿಗೆ ಒಂದೊಂದು ತೂತು.
ಸಂಜೆ ಹೊತ್ತು ಬಸ್ಸು ಹತ್ತಿ ಸಮುದ್ರದವರೆಗೆ ಹೋಗಿಬರುತ್ತಿದ್ದೆ.
ಕಂಡಕ್ಟರೇ ಇಲ್ಲದ ಬಸ್ಸು!
ಕಾರ್ಡು ತಾಗಿಸಿದರೆ ಕುಂಯ್ ಅನ್ನುತ್ತದೆ, ಅಷ್ಟೇ.
ಯಾರ ಮುಖವನ್ನೂ ಯಾರೂ ನೋಡುವುದಿಲ್ಲ.
ಒಮ್ಮೆ ಇಳಿಯುವಾಗ ತಾಗಿಸಲು ಮರೆತು
ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಇಪ್ಪತ್ತೆರಡನೇ ತೂತಿನ ದಿನ ಡಾಕ್ಟರು
ಫೋಟೋ ಬೆಳಕಿಗೆ ಹಿಡಿದು ಹೇಳಿದರು,
ಕಟ್ಟು ಬಿಚ್ಚುವುದು ಫೆಬ್ರವರಿ ಇಪ್ಪತ್ತಕ್ಕೆ.
ಮೂಳೆಗೆ ಮುದ್ರೆ ಓದಲು ಬರುವುದಿಲ್ಲ.
ಇನ್ನು ಹನ್ನೊಂದು ದಿನ ನಾನಿದ್ದಿದ್ದರೆ, ಅಂದೆ.
ಅವನು ಗೋಡೆಯ ಕಡೆ ತಿರುಗಿದ:
ನಿನಗೆ ತಾರೀಖಾದರೂ ಇದೆ ಅಕ್ಕ.
ನಾನು ಇಲ್ಲಿರುವುದು ಕಂಪನಿ ಇಟ್ಟುಕೊಂಡಿರುವವರೆಗೆ.
ಈ ಕಾಲು ಏಣಿ ಹತ್ತದಿದ್ದರೆ
ಯಾವ ದಿನ ಕಾಗದ ಬರುತ್ತೋ.
ಎಣಿಸೋಣ ಅಂದರೆ ಎಲ್ಲಿಗೆ ಅಂತ ಎಣಿಸಲಿ?

ಆ ರಾತ್ರಿ ಪಂಚು ಮುಟ್ಟಲಿಲ್ಲ.
ಮರುದಿನ ಎರಡು ತೂತು ಒಟ್ಟಿಗೆ ಹೊಡೆದೆ.

ಒಂಬತ್ತನೇ ತಾರೀಖು. ಅದೇ ಗಾಜು, ಬೇರೆ ಹುಡುಗ.
ಹೇಳಲು ಎಲ್ಲ ಸಿದ್ಧ ಮಾಡಿಕೊಂಡಿದ್ದೆ:
ಬಂದ ದಿನ ಸೇರಿಸಿದರೆ ಇಪ್ಪತ್ತೊಂಬತ್ತು ಸಾರ್,
ಬಿಟ್ಟರೆ ಇಪ್ಪತ್ತೆಂಟು.
ಅವನು ಎಣಿಸಲೇ ಇಲ್ಲ.
ಆಕಳಿಸುತ್ತ ಠಪ್ಪನೆ ಒತ್ತಿ ಕಳಿಸಿದ.

ಚಿಲ್ಲರೆ ಇಲ್ಲದಾಗ
ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದು ಕೊಡುತ್ತಿದ್ದೆ ನಾನು,
ಇಳಿಯುವಾಗ ಇಸ್ಕೊಳ್ಳಿ ಅಂತ.
ಎಷ್ಟೋ ಜನ ಮರೆತೇ ಇಳಿದುಬಿಡುತ್ತಿದ್ದರು.
ರೈಟ್ ಅಂದ ಮೇಲೆ ನೆನಪಾಗಿ
ಧೂಳಿನಲ್ಲಿ ಕೈಯೆತ್ತಿ ಓಡಿ ಬರುತ್ತಿದ್ದರು.

ಕಿಟಕಿಯಲ್ಲಿ ದೋಹಾದ ದೀಪ ಸಣ್ಣಗಾಗುತ್ತಿದ್ದವು.
ನನ್ನದು ಒಂದು ದಿನ
ಅಲ್ಲೇ ಉಳಿದುಹೋಯಿತು.