ಸೋಣ ತಿಂಗಳ ಸೌಟು

ಆಟಿಯಲ್ಲಿ ನನಗೆ ಕೆಲಸ ಕಡಿಮೆ.
ಮಳೆ ಅಂದರೆ ಸೊಳ್ಳೆ ಅಂತ ಪೇಟೆಯವರ ಲೆಕ್ಕ.
ಬಾಯಾರು ಪದವಿನಲ್ಲಿ ಬಿದ್ದ ಮಳೆ ನಿಲ್ಲುವುದೇ ಇಲ್ಲ,
ಹುಳುವನ್ನೂ ಹೊತ್ತು ತೋಡಿಗೆ, ಹೊಳೆಗೆ,
ಉಪ್ಪುನೀರಿಗೆ.
ಜಡಿಮಳೆಯಲ್ಲಿ ಮೊಟ್ಟೆ ಇಡುವಷ್ಟು ಪೆದ್ದಿಯಲ್ಲ ಅವಳು.

ಅವಳು ಕಾಯುವುದು ಸೋಣಕ್ಕೆ.
ಒಂದು ಬಿಸಿಲು, ಒಂದು ಮಳೆ,
ನಡುವೆ ಆಕಾಶ ಉಸಿರು ಬಿಟ್ಟಷ್ಟು ಹೊತ್ತು.
ಆಗ ನೋಡಬೇಕು ಕೆಂಪುಕಲ್ಲಿನ ಕೋರೆಗಳನ್ನು,
ಎಲ್ಲೋ ಮನೆಗಳಾಗಿ ಎದ್ದು ಹೋದ ಕಲ್ಲುಗಳ
ಚೌಕ ಚೌಕ ಗುಂಡಿಗಳು, ಗರಗಸದ ಗೆರೆ ಇನ್ನೂ ಹಸಿ,
ಒಂದೊಂದರಲ್ಲೂ ಒಂದೊಂದು ಮೋಡ.
ಚಂದ ಕಾಣುತ್ತದೆ.
ನಾನು ಸೌಟು ಅದ್ದುತ್ತೇನೆ.

ಬಿಳಿ ಸೌಟು, ಉದ್ದ ಹಿಡಿ, ಇಲಾಖೆಯ ನಂಬರು.
ನೀರಿನ ಮೈಗೆ ಅಂಟಿ ಅಡ್ಡ ಮಲಗಿದ್ದರೆ ಅವಳ ಮಕ್ಕಳು,
ತಲೆಕೆಳಗಾಗಿ ತೂಗಿದರೆ ಬೇರೆಯವಳದ್ದು.
ಐದು. ಎಂಟು. ಸೊನ್ನೆ. ಹದಿನಾರು.
ಸೊನ್ನೆ ಬಂದ ಗುಂಡಿಯಲ್ಲಿ ಕಪ್ಪೆಯೊಂದು ಕೂತಿತ್ತು,
ಅದನ್ನು ಬರೆಯಲು ಫಾರಂನಲ್ಲಿ ಜಾಗವಿಲ್ಲ.

ಸುರಂಗ ತೋಡುವ ಕೊಗ್ಗು ಹೇಳುತ್ತಾನೆ,
"ನೀರು ನಡೆಯುತ್ತಿರಬೇಕು ಅಕ್ಕ, ಗುಡ್ಡದ ಹೊಟ್ಟೆಯಲ್ಲಿ ನೋಡಿ,
ಒಂದು ಹುಳ ಇಲ್ಲ."
ನಿಜವೇ.
ಅವನ ಮನೆಯ ಟಾಂಕಿಯ ಮುಚ್ಚಳ ಒಡೆದು ಎರಡು ವರ್ಷ.

ಕೋರೆಯ ಶೆಡ್ಡಿನಲ್ಲಿ ಡಮ್ರು ಮಾಝಿಗೆ ಮೂರು ದಿನದಿಂದ ಚಳಿ.
ಬೆರಳು ಚುಚ್ಚಿ ಗಾಜಿಗೆ ಒಂದು ಹನಿ ಒತ್ತಿದೆ.
ಅವನ ಊರಿನಲ್ಲಿ ಕಾಡಂತೆ, ತೊರೆಯಂತೆ,
ಹೀಗೇ ವರ್ಷಕ್ಕೆ ಎರಡು ಸಲವಂತೆ.
ಆ ತೊರೆಯ ಒಂದು ಹನಿ
ಎರಡು ದಿನ ರೈಲಿನಲ್ಲಿ ಕೂತು
ಉಪ್ಪಳದಲ್ಲಿ ಇಳಿದಿರಬಹುದು.
ಅಥವಾ ಇಲ್ಲೇ ಸಿಕ್ಕಿದ್ದೋ, ಯಾರು ಬಲ್ಲರು.
"ಇವರೇ ತಂದದ್ದು," ಎಂದ ಯಜಮಾನ ಅಬೂಬಕ್ಕರ್.
ಗುಂಡಿ ತಂದದ್ದು ಯಾರೆಂದು ನಾನು ಕೇಳಲಿಲ್ಲ.
ಉದ್ದ, ಅಗಲ, ಆಳ ಬರೆದುಕೊಂಡೆ.

ಹಳೆಯ ರಿಜಿಸ್ಟರಿನಲ್ಲಿ ಧನು ತಿಂಗಳ ಪುಟಗಳು ಖಾಲಿ.
ರಾತ್ರಿ ತಂಪಾದರೆ
ಅವಳೊಳಗಿನ ವಿಷ ಹಣ್ಣಾಗುವ ಮೊದಲೇ
ಅವಳು ಉದುರುತ್ತಾಳೆ.
ಅವಳ ಆಯುಸ್ಸು, ರೋಗದ ಬಸಿರು, ಯಾವುದು ಮೊದಲು,
ಇಷ್ಟರ ಮೇಲೆ ನಮ್ಮ ಬದುಕು.
ಈಗ ಧನುವಿನಲ್ಲೂ ಫ್ಯಾನು ಹಾಕಿ ಮಲಗುತ್ತೇವೆ.
ಪುಟಕ್ಕೆ ಗೆರೆ ಎಳೆದು ಅಂಕಿ ತುಂಬುತ್ತೇನೆ.

ಸಂಜೆ ಬಸ್ಸಿಗೆ ನಿಂತಿದ್ದಾಗ
ಮಣಿಕಟ್ಟಿನ ಮೇಲೆ ಒಬ್ಬಳು ಇಳಿದಳು.
ಹೊಡೆಯುವ ಮೊದಲು ಕೂತ ಭಂಗಿ ನೋಡಿದೆ, ಅಭ್ಯಾಸ.
ಬಾಲ ಮೇಲೆತ್ತಿ, ಓರೆಯಾಗಿ ಹೊಡೆದ ಮೊಳೆಯ ಹಾಗೆ.
ಅವಳೇ.
ಪಡುವಲಲ್ಲಿ ಗುಡುಗಿತು.
ಬರುವುದಾದರೆ ಜೋರಾಗಿ ಬರಲಿ, ನಿಲ್ಲದೆ ಬರಲಿ.
ಕೊಡೆ ತಂದಿಲ್ಲ,
ಆದರೂ.